25ನೇ ದಿನದ ಕೋಪ

ನೀರಿನ ಬಾಟಲಿಯ ಮುಚ್ಚಳ ಸಿಗಲಿಲ್ಲ. ಆಗಿದ್ದು ಅಷ್ಟೇ. ರಾತ್ರಿ ಹನ್ನೊಂದು ಗಂಟೆ. ಅಡುಗೆಮನೆ ಕಟ್ಟೆಯ ಮೇಲೆ ನಾಲ್ಕು ಬಾಟಲಿ, ಮೂರು ಮುಚ್ಚಳ. ನಾಲ್ಕನೆಯದನ್ನು ಹುಡುಕಿ ಹುಡುಕಿ, ಸಿಂಕಿನ ಕೆಳಗೆ ಬಗ್ಗಿ ನೋಡಿ, ಏಳಲು ಹೋದವಳು ಏಳಲೇ ಇಲ್ಲ. ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಗಂಡ ಎದ್ದು ಬಂದರು. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದು ಮೆಲ್ಲಗೆ ಕೇಳಿದರು: "ಡೇಟ್ ಹತ್ರ ಬಂತಾ?"

ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಆದರೂ ಆ ಮಾತು ಚುಚ್ಚಿತು. ಮರುದಿನ ಬೆಳಿಗ್ಗೆ ಮುಟ್ಟಾಯಿತು. ಅವರ ಲೆಕ್ಕ ಸರಿಯಾಗಿತ್ತು, ಅದಕ್ಕೇ ಇನ್ನೂ ಜಾಸ್ತಿ ಬೇಜಾರಾಯಿತು. ಹಾಗಾದರೆ ನಿನ್ನೆ ರಾತ್ರಿ ಅತ್ತಿದ್ದು ನಾನಲ್ವಾ? ಬರೀ ಹಾರ್ಮೋನಾ? ನನಗೆ ನಿಜವಾಗಿ ಯಾವ ನೋವೂ ಇರಲಿಲ್ವಾ?

ಇದು ಎರಡು ವರ್ಷದ ಹಿಂದಿನ ಮಾತು. ಆಗ ನನಗೆ 34. ಮುಟ್ಟು ಶುರುವಾಗಿ ಇಪ್ಪತ್ತೊಂದು ವರ್ಷ ಕಳೆದಿತ್ತು. ಇನ್ನೂರಕ್ಕೂ ಹೆಚ್ಚು ಸಲ ಬಂದು ಹೋದದ್ದರ ಬಗ್ಗೆ ನನಗೆ ಗೊತ್ತಿದ್ದದ್ದು ಎಷ್ಟು ಅಂದರೆ, ಪ್ಯಾಡ್ ಎಷ್ಟು ಬೇಕು, ಹೊಟ್ಟೆನೋವು ಎಷ್ಟು ದಿನ, ಅಷ್ಟೇ. ರಕ್ತ ಹೋಗುವ ಐದು ದಿನವನ್ನೇ ಮುಟ್ಟು ಅಂದುಕೊಂಡಿದ್ದೆ. ಉಳಿದ ದಿನಗಳಲ್ಲಿ ಒಳಗೆ ಏನು ನಡೆಯುತ್ತಿರುತ್ತದೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ನನ್ನ ಅಕ್ಕ ನರ್ಸ್. ಅವಳಿಗೆ ಫೋನ್ ಮಾಡಿ ಎಲ್ಲಾ ಹೇಳಿಕೊಂಡೆ. ಅವಳು ಸಮಾಧಾನ ಮಾಡಲಿಲ್ಲ, ಬುದ್ಧಿ ಹೇಳಲೂ ಇಲ್ಲ. "ಬರೆದಿಡೇ. ದಿನಕ್ಕೊಂದು ಸಾಲು ಸಾಕು. ರಕ್ತ ಸರಿಯಾಗಿ ಶುರುವಾದ ದಿನ ಒಂದು, ಅಲ್ಲಿಂದ ಎಣಿಸ್ತಾ ಹೋಗು. ನಿದ್ದೆ ಹೇಗಿತ್ತು, ಮೈ ಹೇಗಿತ್ತು, ಮನಸ್ಸು ಹೇಗಿತ್ತು. ಮೂರು ತಿಂಗಳು ಹಿಂದಿನ ಪುಟ ತಿರುಗಿಸಿ ನೋಡಬೇಡ. ಆಮೇಲೆ ಮಾತಾಡೋಣ" ಅಂದಳು. ಹಿಂದಿನ ಪುಟ ಯಾಕೆ ನೋಡಬಾರದು ಅಂದೆ. "ನೋಡಿದ್ರೆ ನೀನು ಇದ್ದದ್ದನ್ನ ಬರೆಯಲ್ಲ, ಇರಬೇಕು ಅಂದುಕೊಂಡಿದ್ದನ್ನ ಬರೀತೀಯ."

ಈ ಮಾತು ಎಷ್ಟು ಸರಿ ಅಂತ ಆಮೇಲೆ ಗೊತ್ತಾಯಿತು. ಹೋದ ತಿಂಗಳು ಹೇಗಿತ್ತು ಅಂತ ಯಾರನ್ನಾದರೂ ಕೇಳಿದರೆ ನೆನಪಿನಿಂದ ಹೇಳುತ್ತಾರೆ. ನೆನಪು ಮೋಸ ಮಾಡುತ್ತದೆ. ಮುಟ್ಟಿನ ಹಿಂದಿನ ದಿನ ಬಂದ ಸಿಟ್ಟು ನೆನಪಿರುತ್ತದೆ, ಹತ್ತನೇ ದಿನ ಬಂದ ಸಿಟ್ಟು ಮರೆತುಹೋಗಿರುತ್ತದೆ. ಅದಕ್ಕೇ ಮುಟ್ಟಿಗೆ ಮುಂಚೆ ಬರುವ ಈ ತೊಂದರೆಯನ್ನು ಪತ್ತೆ ಮಾಡುವ ಡಾಕ್ಟರ್‌ಗಳು ಕೂಡ ಕನಿಷ್ಠ ಎರಡು ಸುತ್ತು, ಅಂದರೆ ಒಂದು ಮುಟ್ಟಿನಿಂದ ಮುಂದಿನ ಮುಟ್ಟಿನವರೆಗಿನ ದಿನಗಳು ಎರಡು ಸಲ, ದಿನದಿನವೂ ಬರೆದದ್ದನ್ನು ಕೇಳುತ್ತಾರೆ.

ಬರೆಯುತ್ತಾ ಬರೆಯುತ್ತಾ ಓದಲೂ ಶುರು ಮಾಡಿದೆ. ಮೊದಲು ಬಿದ್ದುಹೋದದ್ದು ಮುಟ್ಟು 28 ದಿನಕ್ಕೊಮ್ಮೆ ಬರಬೇಕು ಅನ್ನುವ ಲೆಕ್ಕ. 28 ಅನ್ನುವುದು ಸುಮಾರಿನ ಲೆಕ್ಕ ಅಷ್ಟೇ. ದೊಡ್ಡವರಲ್ಲಿ 21ರಿಂದ 35 ದಿನದ ಒಳಗೆ ಇದ್ದರೆ ಅದು ಸಹಜವೇ. ಪ್ರತಿ ತಿಂಗಳೂ ಸರಿಯಾಗಿ 28ಕ್ಕೇ ಬರುವವರು ಕಡಿಮೆ. ನನ್ನದು ಆ ಮೂರು ಸುತ್ತಿನಲ್ಲಿ 27, 31, 28. ಆ 31 ನೋಡಿ ಮೊದಲಾಗಿದ್ದರೆ ಗಾಬರಿಯಾಗುತ್ತಿದ್ದೆ.

ಗಾಬರಿ ಯಾಕೆ ಬೇಡ ಅಂದರೆ, ಇದರಲ್ಲಿ ಒಂದು ಚಂದದ ಲೆಕ್ಕ ಇದೆ. ಜಪಾನಿನ ಕ್ಯುಸಾಕು ಒಗಿನೊ, ಆಸ್ಟ್ರಿಯಾದ ಹರ್ಮನ್ ಕ್ನಾಸ್, ಇಬ್ಬರು ಡಾಕ್ಟರ್‌ಗಳು 1920ರ ದಶಕದಲ್ಲಿ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಇದನ್ನು ಕಂಡುಕೊಂಡರು. ಅಂಡ ಬಿಡುಗಡೆಯಾಗುವ ದಿನವನ್ನು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಬಾರದು. ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು, ಸುಮಾರು ಎರಡು ವಾರ. ಅಂದರೆ ಸುತ್ತಿನ ಮೊದಲ ಅರ್ಧ ಉದ್ದ ಆಗಬಹುದು, ಗಿಡ್ಡ ಆಗಬಹುದು. ಎರಡನೇ ಅರ್ಧ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಜ್ವರ ಬಂತು, ಮನೆಯಲ್ಲಿ ದೊಡ್ಡ ಚಿಂತೆ, ನಿದ್ದೆಯಿಲ್ಲ, ಊಟ ತೀರಾ ಕಡಿಮೆಯಾಯಿತು, ಇಂಥ ಸಮಯದಲ್ಲಿ ದೇಹ ಅಂಡ ಬಿಡುವುದನ್ನೇ ಮುಂದಕ್ಕೆ ಹಾಕಬಹುದು. ನಾವು "ಡೇಟ್ ಮುಂದಕ್ಕೆ ಹೋಯ್ತು" ಅನ್ನುತ್ತೇವಲ್ಲ, ಹೆಚ್ಚಿನ ಸಲ ನಿಜವಾಗಿ ಮುಂದಕ್ಕೆ ಹೋಗಿರುವುದು ಮುಟ್ಟಲ್ಲ, ಅದಕ್ಕೂ ಎರಡು ವಾರ ಮೊದಲು ಆಗಬೇಕಿದ್ದ ಅಂಡ ಬಿಡುಗಡೆ. ನನ್ನ 31 ದಿನದ ಸುತ್ತಿನಲ್ಲಿ ಎಂಟನೇ ದಿನದಿಂದ ಹನ್ನೊಂದನೇ ದಿನದವರೆಗೆ ನಾಲ್ಕು ಸಾಲಲ್ಲೂ ಒಂದೇ ಮಾತಿತ್ತು: ಜ್ವರ.

ಇನ್ನು ಒಳಗಿನ ಕೆಲಸ. ಮುಟ್ಟು ಶುರುವಾದ ದಿನ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅನ್ನುವ ಅಂಡಾಶಯದ ಹಾರ್ಮೋನುಗಳು ಎರಡೂ ಕೆಳಗೆ ಇಳಿದಿರುತ್ತವೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಅನ್ನುವ ಹಾರ್ಮೋನನ್ನು ಕಳಿಸುತ್ತದೆ. ಅಂಡಾಶಯದಲ್ಲಿ ಹಲವು ಅಂಡಕೋಶಗಳು ಬೆಳೆಯಲು ಶುರುವಾಗುತ್ತವೆ, ಕೊನೆಗೆ ಸಾಮಾನ್ಯವಾಗಿ ಒಂದೇ ಒಂದು ಮುಂದೆ ಹೋಗುತ್ತದೆ. ಅದು ಬೆಳೆದಂತೆ ಈಸ್ಟ್ರೋಜನ್ ಏರುತ್ತದೆ. ಗರ್ಭಕೋಶದ ಒಳಪದರ ಮತ್ತೆ ದಪ್ಪಗಾಗುತ್ತದೆ. ಈಸ್ಟ್ರೋಜನ್ ಒಂದು ಮಟ್ಟ ಮುಟ್ಟಿದಾಗ ಎಲ್‌ಎಚ್ ಅನ್ನುವ ಇನ್ನೊಂದು ಹಾರ್ಮೋನು ಒಮ್ಮೆಲೇ ಚಿಮ್ಮುತ್ತದೆ. ಅಲ್ಲಿಂದ ಸುಮಾರು ಒಂದೂವರೆ ದಿನದೊಳಗೆ ಅಂಡ ಹೊರಬರುತ್ತದೆ. ಹೊರಬಂದ ಅಂಡದ ಆಯುಸ್ಸು 12ರಿಂದ 24 ಗಂಟೆ. ಇಷ್ಟೆಲ್ಲಾ ಏರ್ಪಾಡು ಆ ಒಂದು ದಿನಕ್ಕೆ.

ನನ್ನ ನೋಟ್‌ಬುಕ್ಕಿನಲ್ಲಿ ಏಳನೇ ದಿನದಿಂದ ಹದಿಮೂರರವರೆಗೆ ಹಗುರವಾದ ಸಾಲುಗಳು. "ಕಪಾಟು ಪೂರ್ತಿ ತೆಗೆದು ಜೋಡಿಸಿದೆ." "ಆಫೀಸಲ್ಲಿ ಆ ಫೈಲು ಮುಗಿಸಿಯೇ ಎದ್ದೆ." ಇದನ್ನು ಓದಿ ಎಲ್ಲರಿಗೂ ಹೀಗೇ ಆಗಬೇಕು ಅಂದುಕೊಳ್ಳಬೇಡಿ. ಏನೂ ಏರಿಳಿತ ಇಲ್ಲದೆ ತಿಂಗಳು ಕಳೆಯುವವರು ಬೇಕಾದಷ್ಟು ಜನ ಇದ್ದಾರೆ. ಅಂಡ ಬಿಡುಗಡೆಯ ಹೊತ್ತಿನಲ್ಲಿ ಕೆಲವರಿಗೆ ಹೊಟ್ಟೆಯ ಒಂದೇ ಬದಿಯಲ್ಲಿ ಹಿಡಿದಂತೆ ನೋವು ಬರುತ್ತದೆ, ಕೆಲವು ಗಂಟೆ ಇದ್ದು ಹೋಗುತ್ತದೆ. ನನಗೂ ಬರುತ್ತದೆ, ಅದು ಗ್ಯಾಸ್ ಅಂದುಕೊಂಡಿದ್ದೆ.

ಇನ್ನೊಂದು ವಿಷಯ ಹೇಳಲೇಬೇಕು. ಆ ದಿನಗಳಲ್ಲಿ ಬಿಳಿ ಹೋಗುವುದು ಜಾಸ್ತಿಯಾಗುತ್ತದೆ. ತೆಳುವಾಗಿ, ಪಾರದರ್ಶಕವಾಗಿ, ಬೆರಳಿಂದ ಎಳೆದರೆ ಎಳೆಯಾಗಿ ಬರುವಂತೆ, ಹಸಿ ಮೊಟ್ಟೆಯ ಬಿಳಿ ಲೋಳೆಯ ಹಾಗೆ. ಹದಿನೇಳನೇ ವಯಸ್ಸಿನಲ್ಲಿ ಇದನ್ನು ನೋಡಿ ನನಗೆ ಏನೋ ಕಾಯಿಲೆ ಬಂದಿದೆ ಅಂತ ಹೆದರಿದ್ದೆ. ಯಾರನ್ನೂ ಕೇಳಲಾಗದೆ ತಿಂಗಳುಗಟ್ಟಲೆ ಒಳಗೊಳಗೇ ನಡುಗಿದ್ದೇನೆ. ಅದು ಗರ್ಭಕೋಶದ ಕಂಠ ಈಸ್ಟ್ರೋಜನ್ ಮಾತು ಕೇಳಿ ಮಾಡುವ ಸಹಜ ಕೆಲಸ. ವಾಸನೆ, ತುರಿಕೆ, ಉರಿ, ಬಣ್ಣ ಬದಲಾಗಿರುವುದು ಇದ್ದರೆ ಮಾತ್ರ ಡಾಕ್ಟರ್‌ಗೆ ತೋರಿಸಬೇಕು. ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷ ನನಗೆ ಯಾರೂ ಕೊಡಲಿಲ್ಲ ಅನ್ನುವುದು ಈಗಲೂ ಬೇಸರ ತರುತ್ತದೆ.

ಅಂಡ ಹೊರಬಿದ್ದ ಮೇಲೆ ಆ ಖಾಲಿ ಕೋಶ ಸುಮ್ಮನೆ ಕೂರುವುದಿಲ್ಲ. ಹಳದಿ ಬಣ್ಣದ ಪುಟ್ಟ ಗ್ರಂಥಿಯಾಗಿ ಬದಲಾಗಿ ಪ್ರೊಜೆಸ್ಟರಾನ್ ಮಾಡಲು ಶುರು ಮಾಡುತ್ತದೆ. ಇಡೀ ತಿಂಗಳ ಎರಡನೇ ಅರ್ಧ ಇದರ ಕೈಯಲ್ಲಿ. ಮೈಯ ಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಕರುಳು ನಿಧಾನವಾಗುತ್ತದೆ, ಅದಕ್ಕೆ ಮಲಬದ್ಧತೆ, ಹೊಟ್ಟೆ ಉಬ್ಬರ. ಎದೆ ಭಾರವಾಗಿ ನೋಯುತ್ತದೆ. ಹಸಿವು ಜಾಸ್ತಿ, ಸಿಹಿ ಬೇಕು ಅನ್ನಿಸುತ್ತದೆ. ನನಗೆ ಈ ದಿನಗಳಲ್ಲಿ ರಾತ್ರಿ ಹೊದಿಕೆ ಹಾಕಿದರೆ ಸೆಕೆ, ತೆಗೆದರೆ ಚಳಿ. ನಿದ್ದೆ ತುಂಡು ತುಂಡು. ಗರ್ಭ ನಿಲ್ಲದಿದ್ದರೆ ಆ ಹಳದಿ ಗ್ರಂಥಿ ಹತ್ತು ಹದಿನಾಲ್ಕು ದಿನದಲ್ಲಿ ಬಾಡಿಹೋಗುತ್ತದೆ. ಎರಡೂ ಹಾರ್ಮೋನು ಇಳಿಯುತ್ತವೆ. ಒಳಪದರಕ್ಕೆ ಆಸರೆ ತಪ್ಪಿ ಅದು ಕಳಚಿಕೊಳ್ಳುತ್ತದೆ. ಮತ್ತೆ ಒಂದನೇ ದಿನ.

ಈಗ ಮನಸ್ಸಿನ ವಿಷಯಕ್ಕೆ ಬರುತ್ತೇನೆ. ನಾನು ಇದೆಲ್ಲಾ ಬರೆಯಲು ಕೂತಿದ್ದೇ ಅದಕ್ಕೆ.

ಮುಟ್ಟಿಗೆ ಮುಂಚಿನ ಈ ತೊಳಲಾಟಕ್ಕೆ ವೈದ್ಯರು ಹೆಸರು ಕೊಟ್ಟು ತುಂಬಾ ಕಾಲವಾಗಿಲ್ಲ. ಅಮೆರಿಕದ ರಾಬರ್ಟ್ ಫ್ರಾಂಕ್ 1931ರಲ್ಲಿ ಇದರ ಬಗ್ಗೆ ಬರೆದರು. 1953ರಲ್ಲಿ ಬ್ರಿಟನ್ನಿನ ಕ್ಯಾಥರಿನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಈಗ ಎಲ್ಲರೂ ಪಿಎಂಎಸ್ (ಪ್ರೀಮೆನ್‌ಸ್ಟ್ರುವಲ್ ಸಿಂಡ್ರೋಮ್) ಅನ್ನುವ ಹೆಸರನ್ನು ಚಾಲ್ತಿಗೆ ತಂದರು. ತುಂಬಾ ವರ್ಷ ಎಲ್ಲರೂ ಅಂದುಕೊಂಡದ್ದು, ತೊಂದರೆ ಇರುವವರ ರಕ್ತದಲ್ಲಿ ಹಾರ್ಮೋನು ಹೆಚ್ಚೋ ಕಡಿಮೆಯೋ ಇರಬೇಕು ಅಂತ. ಅಳೆದು ನೋಡಿದರೆ ಹಾಗಿರಲಿಲ್ಲ. ತೊಂದರೆ ಇರುವವರಲ್ಲೂ ಇಲ್ಲದವರಲ್ಲೂ ಮಟ್ಟ ಒಂದೇ ಥರ.

1998ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಪೀಟರ್ ಶ್ಮಿಟ್, ಡೇವಿಡ್ ರೂಬಿನೋ ಮತ್ತು ಅವರ ಜೊತೆಯವರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ಒಂದು ಔಷಧಿ ಕೊಟ್ಟು ಅಂಡಾಶಯದ ಹಾರ್ಮೋನುಗಳನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದರು. ತೀವ್ರ ಪಿಎಂಎಸ್ ಇದ್ದ ಹಲವರಿಗೆ ತೊಂದರೆ ಕಡಿಮೆಯಾಯಿತು. ಆಮೇಲೆ ಹಾರ್ಮೋನನ್ನು ಮತ್ತೆ ಸೇರಿಸಿದರು. ಅವರಿಗೆ ತೊಂದರೆ ಮರಳಿ ಬಂತು. ಅದೇ ಹಾರ್ಮೋನು, ಅದೇ ಪ್ರಮಾಣ, ಪಿಎಂಎಸ್ ಇಲ್ಲದ ಹೆಂಗಸರಿಗೆ ಕೊಟ್ಟರೆ ಅವರ ಮನಸ್ಸಿಗೆ ಏನೂ ಆಗಲಿಲ್ಲ. ವ್ಯತ್ಯಾಸ ಇರುವುದು ಹಾರ್ಮೋನಿನಲ್ಲಿ ಅಲ್ಲ, ಆ ಏರಿಳಿತಕ್ಕೆ ಮೆದುಳು ಹೇಗೆ ಸ್ಪಂದಿಸುತ್ತದೆ ಅನ್ನುವುದರಲ್ಲಿ.

ಇದನ್ನು ಓದಿದಾಗ ನನಗೆ ಎಷ್ಟು ನಿರಾಳ ಆಯಿತು ಅಂದರೆ, ನೋಟ್‌ಬುಕ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. "ನಮಗೂ ಬರುತ್ತೆ, ನಾವೇನು ಹೀಗೆ ಆಡ್ತೀವಾ" ಅಂತ ಹೇಳುವ ಹೆಂಗಸರ ಮಾತು ಯಾಕೆ ಅಷ್ಟು ನೋಯಿಸುತ್ತದೆ ಅಂತ ಅರ್ಥವಾಯಿತು. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಹಾಗಾಗುವುದಿಲ್ಲ. ನಮಗೆ ನಿಜವಾಗಿಯೂ ಆಗುತ್ತದೆ.

ಮೆದುಳಿನ ಒಳಗೆ ಇದು ಹೇಗೆ ನಡೆಯುತ್ತದೆ ಅನ್ನುವುದರ ಒಂದು ಎಳೆಯೂ ಸಿಕ್ಕಿದೆ. ಪ್ರೊಜೆಸ್ಟರಾನ್ ಒಡೆದಾಗ ಅಲೋಪ್ರೆಗ್ನನೊಲೋನ್ ಅನ್ನುವ ವಸ್ತು ಹುಟ್ಟುತ್ತದೆ. ಮೆದುಳನ್ನು ಶಾಂತ ಮಾಡುವ ಗ್ಯಾಬಾ ಅನ್ನುವ ವ್ಯವಸ್ಥೆಯ ಮೇಲೆ ಅದು ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಅದು ಮನಸ್ಸನ್ನು ತಣ್ಣಗಿಡಬೇಕು. ಕೆಲವರ ಮೆದುಳು ಅದರ ಏರಿಳಿತಕ್ಕೆ ಬೇರೆ ಥರ ಸ್ಪಂದಿಸುತ್ತದೆ. ಶಾಂತವಾಗುವ ಬದಲು ಕಳವಳ, ಸಿಡುಕು. ಜೊತೆಗೆ ಈಸ್ಟ್ರೋಜನ್ ಇಳಿಯುವಾಗ, ಮನಸ್ಸಿನ ಸ್ಥಿತಿಯ ಮೇಲೆ ಪರಿಣಾಮ ಬೀರುವ ಸೆರೊಟೋನಿನ್ ಅನ್ನುವ ಮೆದುಳಿನ ರಾಸಾಯನಿಕದ ಕೆಲಸವೂ ಬದಲಾಗುತ್ತದೆ. ತಲೆನೋವು ಇರುವವರು ಗಮನಿಸಿ ನೋಡಿ, ಮೈಗ್ರೇನ್ ಮುಟ್ಟಿನ ಒಂದೆರಡು ದಿನ ಆಚೀಚೆಯೇ ಬರುತ್ತಿದ್ದರೆ ಅದಕ್ಕೂ ಈ ಈಸ್ಟ್ರೋಜನ್ ಇಳಿಯುವುದೇ ಒಂದು ಕಾರಣ.

ಮೂರು ತಿಂಗಳು ಮುಗಿಯಿತು. ಒಂದು ಭಾನುವಾರ ಮಧ್ಯಾಹ್ನ ಮಗಳು ಮಲಗಿದ್ದಾಗ ನೋಟ್‌ಬುಕ್ ತೆಗೆದು ಮೊದಲಿಂದ ಓದಿದೆ. ಮೊದಲು ಕಂಡದ್ದು ನಿರೀಕ್ಷೆ ಮಾಡಿದ್ದೇ. 22ನೇ ದಿನದ ನಂತರ ಅಕ್ಷರವೇ ಬದಲಾಗಿತ್ತು, ಒತ್ತಿ ಒತ್ತಿ ಬರೆದದ್ದು ಹಿಂದಿನ ಪುಟದಲ್ಲಿ ಬೆರಳಿಗೆ ಸಿಗುತ್ತಿತ್ತು. ಆಮೇಲೆ ಎರಡು ಸಾಲು ಅಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಸುತ್ತಿನ ಎರಡು ದಿನ.

"9. ನಿದ್ದೆ ಪರವಾಗಿಲ್ಲ. ಮೈ ಹಗುರ. ಮಗಳು ರಾತ್ರಿ ಎರಡು ಸಲ ಎದ್ದಳು, ಕಥೆ ಹೇಳಿ ಮಲಗಿಸಿದೆ."

"25. ತಲೆ ಭಾರ. ಎದೆ ನೋವು. ಮಗಳು ರಾತ್ರಿ ಎರಡು ಸಲ ಎದ್ದಳು. ಎರಡು ಸಲವೂ ನಾನೇ. ಯಾಕೆ ಯಾವಾಗಲೂ ನಾನೇ?"

ಮಗಳು ಎರಡೂ ರಾತ್ರಿ ಎರಡೇ ಸಲ ಎದ್ದಿದ್ದಾಳೆ. ಎರಡೂ ರಾತ್ರಿ ಎದ್ದು ಹೋದದ್ದು ನಾನೇ. ಉಳಿದ ಪುಟ ತಿರುಗಿಸಿದೆ. 4ನೇ ದಿನ, ನಾನೇ. 12, ನಾನೇ. 17, ನಾನೇ. ಮೂರು ತಿಂಗಳಲ್ಲಿ ಗಂಡ ಎದ್ದದ್ದು ಅಂತ ನಾನು ಬರೆದದ್ದು ಎರಡು ಸಲ, ಅದೂ ನನಗೆ ಜ್ವರ ಇದ್ದಾಗ. ಮೂಟೆ ತಿಂಗಳಿಡೀ ಅದೇ ಇತ್ತು. ಒಂಬತ್ತನೇ ದಿನ ಹೆಗಲಿಗೆ ಬಲ ಇತ್ತು, ಹೊತ್ತುಕೊಂಡು ನಡೆದೆ. ಇಪ್ಪತ್ತೈದನೇ ದಿನ ಬಲ ಇರಲಿಲ್ಲ, ಕೆಳಗಿಟ್ಟು ಕೂಗಿದೆ. ಕೂಗಿದ್ದು ಹಾರ್ಮೋನಿನ ದಿನ ಅಂತ ಮೂಟೆಯೇ ಇರಲಿಲ್ಲ ಅನ್ನಲು ಆಗುತ್ತದಾ?

ಬಾಟಲಿ ಮುಚ್ಚಳಕ್ಕೆ ಅತ್ತ ರಾತ್ರಿ ನನಗೆ ಉತ್ತರ ಸಿಗದ ಪ್ರಶ್ನೆ ಇದೇ ಆಗಿತ್ತು. ಗಂಡನ ಲೆಕ್ಕ ಸರಿ ಇದ್ದರೂ ಯಾಕೆ ನೋವಾಯಿತು ಅಂತ ಈಗ ಗೊತ್ತು. "ಡೇಟ್ ಹತ್ರ ಬಂತಾ" ಅನ್ನುವುದು ಯಾವಾಗ ಅತ್ತೆ ಅನ್ನುವುದಕ್ಕೆ ಉತ್ತರ. ಯಾಕೆ ಅತ್ತೆ ಅನ್ನುವುದಕ್ಕಲ್ಲ.

ಹಾಗಂತ ಆ ದಿನಗಳಲ್ಲಿ ಅನ್ನಿಸಿದ್ದೆಲ್ಲಾ ನಿಜ ಅಂತಲೂ ಅಲ್ಲ. ಅದೇ ನೋಟ್‌ಬುಕ್ಕಿನಲ್ಲಿ 26ನೇ ದಿನ "ನಾನು ಒಳ್ಳೆ ತಾಯಿ ಅಲ್ಲ" ಅಂತ ಬರೆದಿದ್ದೆ. 24ನೇ ದಿನ "ಕೆಲಸ ಬಿಟ್ಟುಬಿಡಬೇಕು." ಇವು ಬೇರೆ ಯಾವ ದಿನದಲ್ಲೂ ಇಲ್ಲ, ಒಂದು ಸುಳಿವೂ ಇಲ್ಲ. ಇವು ಬಂದವು, ಮುಟ್ಟಾದ ಎರಡನೇ ದಿನಕ್ಕೆ ಹೋದವು. ತಿಂಗಳಿಡೀ ಇರುವುದು ಯಾವುದು, ಆ ನಾಲ್ಕು ದಿನಕ್ಕೆ ಬಂದು ಹೋಗುವುದು ಯಾವುದು, ಇದನ್ನು ಬೇರೆ ಮಾಡಿ ತೋರಿಸಿದ್ದು ಆ ಒಂದೊಂದು ಸಾಲು. ಈಗ ನನಗೊಂದು ಅಭ್ಯಾಸ ಆಗಿದೆ. 22ರ ನಂತರ ದೊಡ್ಡ ನಿರ್ಧಾರ ಏನಾದರೂ ತಲೆಗೆ ಬಂದರೆ ಬರೆದಿಡುತ್ತೇನೆ, ಐದನೇ ದಿನ ತೆಗೆದು ಓದುತ್ತೇನೆ. ಆಗಲೂ ಹಾಗೇ ಅನ್ನಿಸಿದರೆ ಅದು ಯೋಚಿಸಬೇಕಾದ ವಿಷಯ.

ಇಲ್ಲಿ ಒಂದು ಗಂಭೀರವಾದ ಮಾತು. ನಾನು ಹೇಳಿದ್ದು ಸಿಡುಕು, ಅಳು, ನಿದ್ದೆ ಕೆಡುವುದು. ಕೆಲವರಿಗೆ ಇದು ಇಷ್ಟಕ್ಕೆ ನಿಲ್ಲುವುದಿಲ್ಲ. ಪ್ರತಿ ತಿಂಗಳೂ ಒಂದು ವಾರ, ಹತ್ತು ದಿನ, ಬದುಕೇ ಬೇಡ ಅನ್ನುವಷ್ಟು ಕತ್ತಲು ಕವಿಯುತ್ತದೆ, ಮುಟ್ಟಾದ ಕೆಲವೇ ದಿನಗಳಲ್ಲಿ ತೆರೆ ಸರಿಸಿದಂತೆ ಹೋಗುತ್ತದೆ. ಇದಕ್ಕೆ ಪಿಎಂಡಿಡಿ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಲ್ಲಿ ಇದನ್ನು ಪೂರ್ಣ ಪ್ರಮಾಣದ ಕಾಯಿಲೆ ಅಂತ ಒಪ್ಪಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲೂ ಇದು ಇದೆ. ಇದು ಸ್ವಭಾವ ಅಲ್ಲ, ಕೊಬ್ಬು ಅಲ್ಲ, ನಾಟಕ ಅಲ್ಲ. ಚಿಕಿತ್ಸೆ ಇದೆ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಖಿನ್ನತೆಯಲ್ಲಿ ಕೆಲಸ ಶುರು ಮಾಡಲು ವಾರಗಟ್ಟಲೆ ತೆಗೆದುಕೊಂಡರೆ, ಇಲ್ಲಿ ಕೆಲವೇ ದಿನದಲ್ಲಿ ಗುಣ ತೋರಿಸಬಲ್ಲವು. ಹಾಗಾಗಿ ಕೆಲವರಿಗೆ ಸುತ್ತಿನ ಎರಡನೇ ಅರ್ಧದಲ್ಲಿ ಮಾತ್ರ ಕೊಡುತ್ತಾರೆ. ಕೆಲವರಿಗೆ ಕೆಲವು ಬಗೆಯ ಗರ್ಭನಿರೋಧಕ ಮಾತ್ರೆ ಹಿಡಿಸುತ್ತದೆ. ಆಪ್ತಸಮಾಲೋಚನೆಯೂ ನೆರವಾಗುತ್ತದೆ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಮೂರು ತಿಂಗಳ ನೋಟ್‌ಬುಕ್ ಎಲ್ಲಾ ಆಮೇಲೆ. ಇವತ್ತೇ ಹತ್ತಿರದವರೊಬ್ಬರಿಗೆ ಹೇಳಿ, ಇವತ್ತೇ ಡಾಕ್ಟರ್ ಹತ್ತಿರ ಹೋಗಿ. ದಯವಿಟ್ಟು.

ನೋಟ್‌ಬುಕ್ ಇನ್ನೊಂದು ಕೆಲಸವನ್ನೂ ಮಾಡಿತು, ನಾನು ಅಂದುಕೊಂಡಿರದೇ ಇದ್ದದ್ದು. ಸಿಟ್ಟು, ಅಳು 22ರ ಮೇಲೆ ಬರುತ್ತಿದ್ದವು ಸರಿ. ಆದರೆ "ಸುಸ್ತು" ಅನ್ನುವ ಪದ ಎಲ್ಲಾ ಕಡೆ ಇತ್ತು. 6ನೇ ದಿನ ಸುಸ್ತು, 11 ಸುಸ್ತು, 19 ಸುಸ್ತು. ಅಕ್ಕ ಅದನ್ನು ನೋಡಿ, "ಇದು ಸೈಕಲ್ ಅಲ್ಲ ಕಣೇ, ರಕ್ತ ಟೆಸ್ಟ್ ಮಾಡಿಸು" ಅಂದಳು. ಹಿಮೋಗ್ಲೋಬಿನ್ ಕಡಿಮೆಯ ಅಂಚಿನಲ್ಲಿತ್ತು. ದೇಹದ ಕಬ್ಬಿಣದ ಉಳಿತಾಯ ಎಷ್ಟಿದೆ ಅಂತ ಹೇಳುವ ಫೆರಿಟಿನ್ ತೀರಾ ಕೆಳಗಿತ್ತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ರಕ್ತ ಎಷ್ಟು ಹೋಗುತ್ತದೆ? ನಾನು "ನಾರ್ಮಲ್" ಅಂದೆ. ನನಗೆ ಗೊತ್ತಿದ್ದದ್ದು ನನ್ನದೊಂದೇ ಅಲ್ವಾ, ಅದನ್ನೇ ನಾರ್ಮಲ್ ಅಂದುಕೊಂಡಿದ್ದೆ.

ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್. 80 ದಾಟಿದರೆ ಜಾಸ್ತಿ. ಯಾರೂ ಅಳೆಯಲು ಆಗುವುದಿಲ್ಲ, ಹಾಗಾಗಿ ಗುರುತುಗಳನ್ನು ನೋಡಬೇಕು. ಗಂಟೆಗೆ, ಎರಡು ಗಂಟೆಗೆ ಪ್ಯಾಡ್ ತುಂಬುತ್ತಿದೆ. ರಾತ್ರಿ ಬದಲಾಯಿಸಲೆಂದೇ ಏಳಬೇಕು. ದೊಡ್ಡ ದೊಡ್ಡ ಗಡ್ಡೆ ಹೋಗುತ್ತಿದೆ. ಏಳು ದಿನ ದಾಟಿದರೂ ನಿಲ್ಲುತ್ತಿಲ್ಲ. ಇದರಲ್ಲಿ ಎರಡು ನನಗೆ ವರ್ಷಗಳಿಂದ ಇತ್ತು. ಕಬ್ಬಿಣದ ಮಾತ್ರೆ ಶುರುವಾಗಿ ಮೂರ್ನಾಲ್ಕು ತಿಂಗಳಲ್ಲಿ ಆ "ಸುಸ್ತು" ಪುಟಗಳಿಂದ ಒಂದೊಂದಾಗಿ ಕಾಣೆಯಾಯಿತು. 25ನೇ ದಿನದ ಸಿಟ್ಟು ಪೂರ್ತಿ ಹೋಗಲಿಲ್ಲ, ಆದರೆ ತಡೆಯುವ ಶಕ್ತಿ ಬಂತು. ಹೊತ್ತು ಮೀರಿ ದಣಿದ ದೇಹಕ್ಕೆ ಹಾರ್ಮೋನಿನ ಏರಿಳಿತ ತಾಳಿಕೊಳ್ಳುವುದು ಕಷ್ಟವೇ. ಥೈರಾಯ್ಡ್, ಖಿನ್ನತೆ, ಆಸ್ತಮಾ ಇಂಥವು ಮೊದಲೇ ಇದ್ದರೂ ಅಷ್ಟೇ, ಪರೀಕ್ಷೆ ಮಾಡಿಸದೆ ಎಲ್ಲವನ್ನೂ ಪಿಎಂಎಸ್ ತಲೆಗೆ ಕಟ್ಟಬಾರದು.

ನೋವಿನ ಬಗ್ಗೆ ಹೇಳದೆ ಇರಲಾರೆ. ಇಪ್ಪತ್ತನೇ ವಯಸ್ಸಿನಲ್ಲಿ ಒಬ್ಬ ಡಾಕ್ಟರ್ ಹತ್ತಿರ ಹೊಟ್ಟೆನೋವು ಅಂತ ಹೋಗಿದ್ದೆ. ನಿಲ್ಲಲಾಗುತ್ತಿರಲಿಲ್ಲ, ವಾಂತಿ ಬೇರೆ. "ಎಲ್ಲಾ ಹೆಣ್ಣುಮಕ್ಕಳಿಗೂ ಇರೋದೇ, ಒಂದು ಮಗು ಆದ್ರೆ ಸರಿಹೋಗುತ್ತೆ" ಅಂದರು. ಮುಟ್ಟಿನ ನೋವಿನ ಹಿಂದೆ ಇರುವುದು ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತು. ಒಳಪದರ ಕಳಚುವಾಗ ಇದು ಹೊರಬಂದು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತದೆ. ಬಿಗಿಯಾಗಿ ಹಿಂಡಿದಾಗ ಸ್ನಾಯುವಿಗೇ ರಕ್ತ ಕಡಿಮೆಯಾಗಿ ನೋವು ಹೆಚ್ಚುತ್ತದೆ. ಇದೇ ವಸ್ತು ಪಕ್ಕದ ಕರುಳನ್ನೂ ಕೆರಳಿಸುತ್ತದೆ. ಮೊದಲ ದಿನ ಲೂಸ್ ಮೋಷನ್ ಆಗುವುದು ಅದಕ್ಕೇ. ನಿನ್ನೆವರೆಗೆ ಮಲಬದ್ಧತೆ, ಇವತ್ತು ಇದು, ಏನಾಗಿದೆ ನನ್ನ ಹೊಟ್ಟೆಗೆ ಅಂತ ಎಷ್ಟು ವರ್ಷ ಅಂದುಕೊಂಡಿದ್ದೇನೋ.

ಆಸ್ಪಿರಿನ್ ಥರದ ಔಷಧಿಗಳು ಈ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ ಅಂತ 1971ರಲ್ಲಿ ತೋರಿಸಿದವರು ಜಾನ್ ವೇನ್. 1982ರಲ್ಲಿ ಅವರಿಗೂ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳಿಗೂ ನೊಬೆಲ್ ಬಂತು. ನಮ್ಮ ಹೊಟ್ಟೆನೋವಿಗೆ ಇದರಿಂದ ಏನು ತಿಳಿಯುತ್ತದೆ ಅಂದರೆ, ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇಂಥ ಮಾತ್ರೆಗಳನ್ನು ನೋವು ತಡೆಯಲಾಗದ ಮಟ್ಟಕ್ಕೆ ಹೋದ ಮೇಲೆ ನುಂಗುವುದಕ್ಕಿಂತ, ಶುರುವಾಗುತ್ತಿದ್ದಂತೆ ತೆಗೆದುಕೊಂಡರೆ ಹೆಚ್ಚು ಗುಣ. ತಯಾರಾಗಿಬಿಟ್ಟದ್ದನ್ನು ಅವು ವಾಪಸ್ ತೆಗೆಯುವುದಿಲ್ಲ, ಮುಂದೆ ತಯಾರಾಗುವುದನ್ನು ತಡೆಯುತ್ತವೆ. ಹಲ್ಲು ಕಚ್ಚಿಕೊಂಡು ಸಂಜೆವರೆಗೆ ಕಾಯುವುದರಲ್ಲಿ ಯಾವ ದೊಡ್ಡತನವೂ ಇಲ್ಲ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರು, ಗರ್ಭಿಣಿ ಇರಬಹುದು ಅನ್ನುವ ಅನುಮಾನ ಇರುವವರು ಮೊದಲು ಡಾಕ್ಟರ್‌ನ ಕೇಳಿ. ಬಿಸಿ ನೀರಿನ ಚೀಲದ ಶಾಖಕ್ಕೂ ನಿಜವಾದ ಗುಣ ಇದೆ, ಅದು ಬರೀ ಸಮಾಧಾನ ಅಲ್ಲ.

ಮಾತ್ರೆಗೂ ಬಗ್ಗದ ನೋವು, ವರ್ಷದಿಂದ ವರ್ಷಕ್ಕೆ ಏರುವ ನೋವು, ಮುಟ್ಟಿಲ್ಲದ ದಿನಗಳಲ್ಲೂ ಇರುವ ನೋವು, ಮಲ ಮೂತ್ರ ಮಾಡುವಾಗ ಅಥವಾ ಗಂಡ ಹೆಂಡತಿ ಸೇರುವಾಗ ಬರುವ ನೋವು ಸಹಜ ಅಲ್ಲ. ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗಡೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದು. ಮಗು ಹೆರುವ ವಯಸ್ಸಿನ ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ ಇದು ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪತ್ತೆಯಾಗಲು ಎಷ್ಟೋ ಜನರಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ಯಾಕೆ ಹಿಡಿಯುತ್ತದೆ ಅಂದರೆ "ಎಲ್ಲರಿಗೂ ಇರೋದೇ" ಅನ್ನುವ ಆ ಒಂದು ಮಾತು. ಒಬ್ಬರು ಹಾಗೆ ಅಂದರೆ ಇನ್ನೊಬ್ಬರ ಹತ್ತಿರ ಹೋಗಿ. ಬರೆದಿಟ್ಟ ನೋಟ್‌ಬುಕ್ ತೆಗೆದುಕೊಂಡು ಹೋಗಿ. "ತುಂಬಾ ನೋವು" ಅಂದಾಗ ಕೇಳದವರು "ಮೂರು ತಿಂಗಳಲ್ಲಿ ಒಂಬತ್ತು ದಿನ ಕೆಲಸಕ್ಕೆ ಹೋಗಲಿಲ್ಲ, ಹದಿನಾಲ್ಕು ಮಾತ್ರೆ ತೆಗೆದುಕೊಂಡೆ" ಅಂದಾಗ ತಲೆ ಎತ್ತಿ ನೋಡುತ್ತಾರೆ.

ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ ನಾನು ಹೇಳಿದ ದಿನದ ಲೆಕ್ಕ ಹೊಂದುವುದಿಲ್ಲ. ಅವರ ಹಾರ್ಮೋನು ಹೀಗೆ ಏರಿ ಇಳಿಯುವುದಿಲ್ಲ. ನಲವತ್ತು ದಾಟಿದ ಮೇಲೆ ಸುತ್ತು ಏರುಪೇರಾಗಲು ಶುರುವಾದಾಗಲೂ ಲೆಕ್ಕ ತಪ್ಪುತ್ತದೆ, ಮನಸ್ಸಿನ ಏರಿಳಿತ ಹೆಚ್ಚಬಹುದು. ಒಟ್ಟಿಗಿರುವ ಹೆಂಗಸರಿಗೆ ಮುಟ್ಟೂ ಒಟ್ಟಿಗೇ ಬರುತ್ತದೆ ಅನ್ನುವ ಮಾತು 1971ರ ಒಂದು ಅಧ್ಯಯನದಿಂದ ಹೆಸರಾಯಿತು, ಆಮೇಲಿನವರು ಮಾಡಿ ನೋಡಿದಾಗ ಅದು ನಿಲ್ಲಲಿಲ್ಲ. ಯಾವ ದಿನ ಯಾವ ವ್ಯಾಯಾಮ, ಯಾವ ವಾರ ಯಾವ ಬೀಜ ತಿನ್ನಬೇಕು ಅಂತ ಪಟ್ಟಿ ಮಾರುವವರೂ ಇದ್ದಾರೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ನಿಮ್ಮ ಮೈ ಏನು ಹೇಳುತ್ತದೋ ಅದನ್ನು ನೋಡಿ.

ನೋಟ್‌ಬುಕ್ ಓದಿದ ಭಾನುವಾರ ನಾನು ಗಂಡನ ಹತ್ತಿರ ಏನೂ ಹೇಳಲಿಲ್ಲ. ಅವತ್ತು 23ನೇ ದಿನ. ಕಾದೆ. ಮುಂದಿನ ಸುತ್ತಿನ ಎಂಟನೇ ದಿನ ಸಂಜೆ, ಮಗಳು ಆಡುತ್ತಿದ್ದಾಗ, ಆ ಎರಡು ಸಾಲು ತೋರಿಸಿದೆ. ದನಿ ಏರಿಸಲಿಲ್ಲ, ಏರಿಸಬೇಕು ಅಂತ ಅನ್ನಿಸಲೂ ಇಲ್ಲ. ಅವರು 9 ಓದಿದರು, 25 ಓದಿದರು, ಆಮೇಲೆ ಅವರೇ ಪುಟ ತಿರುಗಿಸುತ್ತಾ ಹೋದರು. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. "ನಾನು ಆವತ್ತು ಡೇಟ್ ಕೇಳಬಾರದಿತ್ತು" ಅಂದರು. ಕೇಳಬಹುದು, ಆದರೆ ಅಲ್ಲಿಗೇ ನಿಲ್ಲಿಸಬಾರದು ಅಂದೆ.

ಈಗ ಒಂದು ರಾತ್ರಿ ಅವರು, ಒಂದು ರಾತ್ರಿ ನಾನು. ಮೊದಮೊದಲು ಮಗಳು ಅಪ್ಪ ಬಂದರೆ ಒಪ್ಪುತ್ತಿರಲಿಲ್ಲ, ಅಮ್ಮನೇ ಬೇಕು ಅಂತ ಹಟ. ಎರಡು ವಾರ ಬೇಕಾಯಿತು. ಮೊನ್ನೆ ರಾತ್ರಿ ಅವಳ ದನಿ ಕೇಳಿ ನನಗೆ ಎಚ್ಚರ ಆಯಿತು. ಪಕ್ಕದಲ್ಲಿ ಹಾಸಿಗೆ ಖಾಲಿ, ಆ ಕೋಣೆಯಿಂದ ಅವರು ಕಥೆ ಹೇಳುವ ದನಿ ಬರುತ್ತಿತ್ತು. ಎದೆ ಭಾರ ಇತ್ತು, ತಲೆ ಭಾರ ಇತ್ತು. ಹೊದಿಕೆ ಎಳೆದುಕೊಂಡು ಮಗ್ಗುಲಾದೆ. ಬೆಳಿಗ್ಗೆ ಎದ್ದು ಬರೆದೆ: "25. ಮೈ ಕೈ ನೋವು. ನಿದ್ದೆ ಬಂತು."